ದಮ್‌ದಮ್ಮಿನ ಗುಂಡು

ಒಂದೊಂದು ಊರಿನ ಹೆಸರು ಒಂದೊಂದು ವಸ್ತುವಿನೊಡನೆ ಅಂಟಿಕೊಂಡಿರುವುದು ಲೋಕರೂಢಿ. ಇಳಕಲ್ಲೆಂದರೆ ಸೀರೆ, ಚನ್ನಪಟ್ಟಣವೆಂದರೆ ಬಣ್ಣದ ಗೊಂಬೆ, ಬೀದರೆಂದರೆ ಬೆಳ್ಳಿಯ ಕುಸುರಿಯಿಟ್ಟ ಕರಿಯ ಪಾತ್ರೆ. ಆಯಾ ಊರಿನ ಕುಶಲಿಗಳು ತಮ್ಮ ಕೈಗುಣದಿಂದ ಈ ಹೆಸರನ್ನು ಸಂಪಾದಿಸಿದರು. ಕಲ್ಕತ್ತೆಯ ಮಗ್ಗುಲಲ್ಲಿರುವ ದಮ್‌ದಮ್ ಎಂಬ ಊರಿಗೆ ಬಂದ ಪ್ರಸಿದ್ಧಿಯಾದರೋ ಬೇರೆ ತೆರನಾದದ್ದು. ದೇಹವನ್ನು ಹೊಕ್ಕ ಕೂಡಲೆ ಮೊನೆ ಅರಳಿ ಅಗಲವಾಗುವ ತುಪಾಕಿಯ ಗುಂಡಿಗೆ, ಅದು ಯಾವ ದೇಶದಲ್ಲಿಯೇ ಆಗಿರಲಿ, ಯುರೋಪಿನ ಜನರು ಇಂದಿಗೂ ‘ದಮ್‌ದಮ್’ ಎನ್ನುತ್ತಾರೆ. ನಮ್ಮ ದೇಶದ ಊರೊಂದರ ಹೆಸರು ಪರಭಾಷೆಗಳ ನಿಘಂಟುಗಳಲ್ಲಿ ಸೇರಿದುದಕ್ಕೆ ಹಿಗ್ಗಬೇಕೋ ತಲೆತಗ್ಗಿಸಬೇಕೋ ಎಂಬುದನ್ನು ವಾಚಕರು ಈ ವೃತ್ತಾಂತವನ್ನು ಓದಿದ ಬಳಿಕ ತಾವೇ ಯೋಚಿಸಬಹುದು.

ಗುಂಡಿನ ಕಥೆಯನ್ನು ಸೀಸದಿಂದಲೇ ಆರಂಭಿಸಬೇಕು. ಸೀಸವು ತೂಕವಾದ ಲೋಹ, ಮೆದುವಾದ ಲೋಹ. ಸ್ವಲ್ಪ ಬೆಂಕಿಗೇ ಕರಗತಕ್ಕದ್ದು. ನನ್ನ ಬಾಲ್ಯದಲ್ಲಿ ಮಲೆನಾಡಿನ ನೆಂಟರೊಬ್ಬರ ಮನೆಯ ಅಟ್ಟದ ಮೇಲೆ ಇಕ್ಕಳದಂತಹ ಒಂದು ಕಬ್ಬಿಣದ ಸಾಧನವನ್ನು ಕಂಡಿದ್ದೆನು. ಅದರ ಎರಡು ತುಟಿಗಳನ್ನು ಕೂಡಿಸಿದರೆ ನಡುವೆ ಗೋಲಿಯಾಕಾರದ ಹಳ್ಳವಾಗುತ್ತಿತ್ತು. ಅಡಕೆ ಕತ್ತರಿಸುವ ಅಡಕೊತ್ತು ಎಂದು ತಿಳಿದು ನಾನು ಅದರೊಡನೆ ಆಡುತ್ತಿದ್ದುದನ್ನು ಕಂಡು ಮನೆಯ ಹಿರಿಯರು ನಕ್ಕು, ಅದು ಗುಂಡಿನ ಅಚ್ಚೆಂದು ತಿಳಿಸಿದರು. ನೂರಾರು ವರ್ಷಗಳ ಕಾಲ ಲೋಕದ ಎಲ್ಲ ಕಡೆಯೂ ಗುಂಡು ಹುಟ್ಟಿದ್ದು ಹೀಗೆ, ಒಲೆಯ ಬಳಿ ಅಚ್ಚಿನೊಳಗೆ ಎರೆದ ಸೀಸದಿಂದ. ಹಕ್ಕಿ ಹೊಡೆಯುವ ಸಣ್ಣ ಚರೆಗೆ ಮಾತ್ರ 1782ರಲ್ಲಿ ಬ್ರಿಸ್ಟಲ್ ನಗರದ ವಿಲಿಯಂ ವಾಟ್ಸ್ ಎಂಬಾತನು ಹೊಸ ಉಪಾಯಕ್ಕೆ ಸನ್ನದು ಪಡೆದನು. ಕರಗಿದ ಸೀಸವನ್ನು ಎತ್ತರದಿಂದ ಜರಡಿಯ ಮೂಲಕ ನೀರಿಗೆ ಬೀಳಿಸಿದರೆ, ಹನಿಗಳು ದಾರಿಯಲ್ಲಿಯೇ ಉಂಡೆಗಟ್ಟುತ್ತವೆ.

ಎರಕದ ಗುಂಡಿನಲ್ಲಿ ಒಂದು ದೋಷವುಂಟು. ಲೋಹವು ಆರುವಾಗ ಒಳಗೆ ಗಾಳಿಯ ಗುಳ್ಳೆ ನಿಲ್ಲುವುದುಂಟು; ಆಗ ತೂಕ ಒಂದು ಪಕ್ಕಕ್ಕೆ ವಾಲುತ್ತದೆ, ಗುರಿ ತಪ್ಪುತ್ತದೆ. ಗುರಿಯೇ ಅನಿಶ್ಚಿತವಾಗಿದ್ದ ಹಳೆಯ ತುಪಾಕಿಗೆ ಇದು ದೊಡ್ಡ ಮಾತಾಗಿರಲಿಲ್ಲ. ನಳಿಗೆಯೊಳಗೆ ಸುರುಳಿಯಾಗಿ ಗೀರುಗಳನ್ನು ಕೊರೆದು ಗುಂಡನ್ನು ಬುಗುರಿಯಂತೆ ತಿರುಗಿಸುವ ಕೋವಿಗಳು ಸೈನ್ಯಕ್ಕೆ ಬಂದಾಗ ಅದು ದೊಡ್ಡ ಮಾತಾಯಿತು. 1849ರ ಸುಮಾರಿಗೆ ಮಿನಿಯೇ ಎಂಬ ಫ್ರೆಂಚ್ ಸೇನಾಧಿಕಾರಿಯು ಬುಡ ಟೊಳ್ಳಾಗಿರುವ ಉದ್ದನೆಯ ಸೀಸದ ಗುಂಡನ್ನು ರೂಪಿಸಿದನು. ಮದ್ದು ಸಿಡಿದಾಗ ಟೊಳ್ಳಿನ ಅಂಚು ಹಿಗ್ಗಿ ನಳಿಗೆಯ ಗೀರುಗಳನ್ನು ಕಚ್ಚಿಕೊಳ್ಳುತ್ತಿತ್ತು. ಇಂಗ್ಲೆಂಡಿನವರು 1853ರ ಎನ್‌ಫೀಲ್ಡ್ ಕೋವಿಯಲ್ಲಿ ಇದೇ ತತ್ತ್ವವನ್ನು ಅನುಸರಿಸಿದರು. ಈ ಹೊಸ ಗುಂಡುಗಳನ್ನು ವುಲ್‌ವಿಚ್ಚಿನ ಕಾರ್ಖಾನೆಯಲ್ಲಿ ಎರಕ ಹೊಯ್ಯದೆ, ತಣ್ಣನೆಯ ಸೀಸದ ಸರಿಗೆಯ ತುಂಡುಗಳನ್ನು ಉಕ್ಕಿನ ಅಚ್ಚಿನಲ್ಲಿ ಯಂತ್ರದಿಂದ ಅದುಮಿ ಮಾಡತೊಡಗಿದರು. ಟಂಕಸಾಲೆಯಲ್ಲಿ ನಾಣ್ಯವನ್ನು ಒತ್ತುವಂತೆಯೇ ಇದು. ಒತ್ತಿದ ಗುಂಡಿನಲ್ಲಿ ಗುಳ್ಳೆಯಿಲ್ಲ, ಒಂದರಂತೆ ಮತ್ತೊಂದು. ಮನೆಯ ಒಲೆಯಿಂದ ಗುಂಡು ಕಾರ್ಖಾನೆಗೆ ಸೇರಿದ್ದು ಈ ಕಾಲದಲ್ಲಿ.

ಇದೇ ಎನ್‌ಫೀಲ್ಡ್ ಕೋವಿಯ ತೋಟಾಗಳೇ ದಮ್‌ದಮ್ಮಿಗೆ ಚರಿತ್ರೆಯಲ್ಲಿ ಮೊದಲ ಸ್ಥಾನವನ್ನು ದೊರಕಿಸಿದುವು. ಬಂಗಾಳದ ಫಿರಂಗಿ ದಳದ ಮುಖ್ಯ ಠಾಣ್ಯವು 1853ರವರೆಗೂ ಅಲ್ಲಿಯೇ ಇದ್ದಿತು; ಅದು ಮೀರತ್ತಿಗೆ ಹೋದ ಮೇಲೂ ಶಸ್ತ್ರಾಗಾರವೂ ಹೊಸ ಕೋವಿಯ ಶಿಕ್ಷಣಶಾಲೆಯೂ ಅಲ್ಲಿದ್ದುವು. 1857ರ ಜನವರಿಯಲ್ಲಿ ಅಲ್ಲಿನ ಖಲಾಸಿಯೊಬ್ಬನು ಬ್ರಾಹ್ಮಣ ಸಿಪಾಯಿಯ ಚೆಂಬಿನಿಂದ ನೀರು ಕೇಳಿದನೆಂದೂ, ಸಿಪಾಯಿಯು ಮೈಲಿಗೆಯ ಮಾತೆತ್ತಲು, ‘ಹಸುವಿನ, ಹಂದಿಯ ಕೊಬ್ಬು ಬಳಿದ ತೋಟಾವನ್ನು ಹಲ್ಲಿನಿಂದ ಕಚ್ಚುವ ದಿನ ಬಂದಾಗ ನಿನ್ನ ಮಡಿ ಎಲ್ಲಿರುತ್ತದೆ?’ ಎಂಬರ್ಥದ ಮಾತನ್ನು ಆ ಖಲಾಸಿ ಆಡಿದನೆಂದೂ ಪ್ರಸಿದ್ಧವಾಗಿದೆ. ಆ ವಾರ್ತೆ ದಂಡಿನಿಂದ ದಂಡಿಗೆ ಹಬ್ಬಿದುದೂ, ಮೇ ತಿಂಗಳಲ್ಲಿ ಮೀರತ್ತು ಹೊತ್ತಿಕೊಂಡುದೂ ಎಲ್ಲರಿಗೂ ತಿಳಿದಿರುವುದರಿಂದ ಇಲ್ಲಿ ಬೆಳಸುವುದಿಲ್ಲ.

ಎರಡನೆಯ ಅಧ್ಯಾಯವು ನಾಲ್ವತ್ತು ವರ್ಷಗಳ ತರುವಾಯದ್ದು. ಅಷ್ಟರಲ್ಲಿ ಕೋವಿಯ ಸ್ವರೂಪವೇ ಬದಲಾಗಿದ್ದಿತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಎಂಬ ರಸಾಯನಜ್ಞನು ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದನು. ಅದರ ಬಲದಿಂದ ಗುಂಡು ಮೊದಲಿಗಿಂತ ಬಹು ವೇಗವಾಗಿ ಹಾರತೊಡಗಿತು. ಆದರೆ ಅಷ್ಟು ವೇಗಕ್ಕೆ ಬರಿಯ ಸೀಸ ತಾಳದೆ ನಳಿಗೆಯ ಗೀರುಗಳಿಗೆ ಮೆತ್ತಿಕೊಳ್ಳುವುದು. ಇದಕ್ಕೆ ಪರಿಹಾರವನ್ನು ಸ್ವಿಟ್ಜರ್ಲಂಡಿನ ಎಡುವರ್ಡ್ ರೂಬಿನ್ ಎಂಬಾತನು 1880ರ ದಶಕದ ಮೊದಲಿನಲ್ಲಿಯೇ ತೋರಿಸಿದ್ದನು: ಸೀಸದ ತಿರುಳಿಗೆ ಗಟ್ಟಿಯಾದ ಲೋಹದ ಕವಚವನ್ನು ತೊಡಿಸುವುದು. 1888ರಲ್ಲಿ ಆಂಗ್ಲ ಸೈನ್ಯಕ್ಕೆ ಬಂದ ಲೀ-ಮೆಟ್‌ಫರ್ಡ್ ಕೋವಿಯ ಗುಂಡಿಗೆ ಇಂಥ ಕವಚವಿದ್ದಿತು. ಅದಕ್ಕೆ ಮುಂಚಿನ ಮಾರ್ಟಿನಿ-ಹೆನ್ರಿ ಕೋವಿಯ ಸೀಸದ ಗುಂಡು ಎರಡೂವರೆ ತೊಲಕ್ಕೂ ಮಿಗಿಲಾದ ತೂಕದ್ದು. ಹೊಸದು ಒಂದೂಕಾಲು ತೊಲಕ್ಕಿಂತಲೂ ತುಸು ಕಡಮೆ, ದಪ್ಪದಲ್ಲಿ ಒಂದಂಗುಲದ ಮೂರನೆಯ ಒಂದು ಭಾಗವೂ ಇಲ್ಲ. ಅದು ದೂರ ಹೋಗುವುದು, ನೇರವಾಗಿ ಹೋಗುವುದು. ಎದುರಿಗೆ ಬಂದವನ ಮೈಯನ್ನು ತೂರಿ ಸಣ್ಣ ರಂಧ್ರವನ್ನು ಮಾಡಿ ಆಚೆಗೆ ಹೊರಟುಹೋಗುವುದು. ಶಸ್ತ್ರವೈದ್ಯರು ಇದನ್ನು ದಯಾಳುವಾದ ಗುಂಡೆಂದು ಕೊಂಡಾಡಿದರು.

ದಂಡಿನವರಿಗೆ ಆ ದಯೆ ಬೇಕಾಗಿರಲಿಲ್ಲ. 1895ರಲ್ಲಿ ವಾಯವ್ಯದ ಗಡಿಯಾಚೆ ಚಿತ್ರಾಲದ ಮೇಲೆ ದಂಡು ಹೋದಾಗ, ಗುಂಡು ತಗುಲಿದ ಗುಡ್ಡಗಾಡಿನ ಜನರು ನಿಲ್ಲದೆ ಕತ್ತಿ ಹಿಡಿದು ಮೇಲೆ ಬೀಳುತ್ತಾರೆಂಬ ದೂರು ಹುಟ್ಟಿತು. ಈ ದೂರಿಗೆ ಉತ್ತರವನ್ನು ಕೊಟ್ಟವನು ದಮ್‌ದಮ್ಮಿನ ಮದ್ದುಗುಂಡಿನ ಕಾರ್ಖಾನೆಯ ಮೇಲಧಿಕಾರಿಯಾಗಿದ್ದ ಕ್ಯಾಪ್ಟನ್ ಬರ್ಟಿ-ಕ್ಲೇ. ಆತನು ಮಾಡಿದ ಮಾರ್ಪಾಟು ನೋಡುವುದಕ್ಕೆ ಬಹಳ ಅಲ್ಪವಾದದ್ದು. ಗುಂಡಿನ ಮೊನೆಯ ಮೇಲೆ ಕವಚವನ್ನು ತುಸು ಮೊಟಕು ಮಾಡಿ, ಮೆದುವಾದ ಸೀಸವು ಹೊರಕ್ಕೆ ಕಾಣುವಂತೆ ಬಿಟ್ಟನು, ಅಷ್ಟೆ. ಆದರೆ ಫಲ ಅಲ್ಪವಾಗಿರಲಿಲ್ಲ. ಎಲುಬಿಗೆ ತಾಕಿದಾಗ ಬಯಲಾದ ಸೀಸ ಚಪ್ಪಟೆಯಾಗಿ, ಕವಚ ಸೀಳಿ, ಗುಂಡು ನಾಯಿಕೊಡೆಯಂತೆ ಅರಳುವುದು. 1897ರ ಗಡಿಯುದ್ಧದಲ್ಲಿ ಪತ್ರಿಕೆಗಳ ಬಾತ್ಮಿದಾರನಾಗಿದ್ದ ವಿನ್‌ಸ್ಟನ್ ಚರ್ಚಿಲ್ಲನು ಮರುವರ್ಷ ಪ್ರಕಟಿಸಿದ ತನ್ನ ಪುಸ್ತಕದಲ್ಲಿ, ಇಂಥ ಗುಂಡು ಕೈಗೋ ಕಾಲಿಗೋ ತಗುಲಿದರೆ ಆ ಅವಯವವನ್ನು ಕತ್ತರಿಸದೆ ಗತಿಯಿಲ್ಲವೆಂದು ಬರೆದಿದ್ದಾನೆ. ಅದೇ ಉಸಿರಿನಲ್ಲಿ ಅದರ ಯಂತ್ರಸೌಂದರ್ಯವನ್ನೂ ಹೊಗಳಿದ್ದಾನೆ.

ವಾಚಕರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ವರ್ಷದ ತೀರಾ ದಂಡಯಾತ್ರೆಯಲ್ಲಿ ಹೊಸ ಕೋವಿ, ಹೊಸ ಗುಂಡು ದೊರೆತದ್ದು ಗೋರಾ ದಳಗಳಿಗೆ. ಪಕ್ಕದಲ್ಲಿಯೇ ನಿಂತು ಕಾದಿದ ನಮ್ಮ ಸಿಪಾಯಿಗಳ ಕೈಯಲ್ಲಿದ್ದುದು ಹಳೆಯ ಮಾರ್ಟಿನಿ. ದಮ್‌ದಮ್ಮಿನಲ್ಲಿ ಕೆಲಸ ಮಾಡಿದ ಕೈಗಳು ಈ ದೇಶದವರದು; ಗುಂಡನ್ನು ಹೊಡೆದವನು ಬೇರೆಯವನು; ತಿಂದವನು ಅಫ್ರೀದಿ. 1857ರ ಪಾಠವನ್ನು ಆಳುವವರು ಮರೆತಿರಲಿಲ್ಲವೆಂದೇ ನನ್ನ ಎಣಿಕೆ.

ಇತ್ತ ವುಲ್‌ವಿಚ್ಚಿನವರು ಇದೇ ಫಲವನ್ನು ಬೇರೊಂದು ಹಾದಿಯಿಂದ ಸಾಧಿಸಹೋದರು. ಅವರ ಗುಂಡಿನ ಕವಚವು ಮೊನೆಯವರೆಗೂ ಇದ್ದಿತಾದರೂ ಮೊನೆಯಲ್ಲಿಯೇ ಒಂದು ಕುಳಿ ಇರುತ್ತಿತ್ತು. ಇದೇ ಟೊಳ್ಳುಮೊನೆಯ ಗುಂಡು. ಸರಕಾರಿ ಲೆಕ್ಕದಲ್ಲಿ ನಾಲ್ಕನೆಯ ಮಾದರಿ. ಮಿನಿಯೇ ಗುಂಡಿನ ಟೊಳ್ಳು ಹಿಂದೆ ಇದ್ದು ನಳಿಗೆಗಾಗಿ ಹಿಗ್ಗುತ್ತಿತ್ತು. ಇದರ ಟೊಳ್ಳು ಮುಂದೆ ಇದ್ದು ಮಾಂಸಕ್ಕಾಗಿ ಹಿಗ್ಗಬೇಕು. ಉಪಾಯವೇನೋ ಪೂರ್ತಿ ಹೊಸದಲ್ಲ. ಹುಲಿ ಕಾಡೆಮ್ಮೆಗಳ ಬೇಟೆಯಾಡುವ ದೊರೆಗಳು ಅದಕ್ಕೆ ಮುಂಚಿನಿಂದಲೂ ಮೊನೆಗೆ ಕುಳಿ ಕೊರೆದ ಸೀಸದ ಗುಂಡುಗಳನ್ನು ಬಳಸುತ್ತಿದ್ದರು. ಮೃಗಕ್ಕಾಗಿ ಹುಟ್ಟಿದ್ದನ್ನು ಮನುಷ್ಯನ ಮೇಲೆ ತಿರುಗಿಸಿದ್ದೇ ಹೊಸತು.

ಸುಡಾನಿನಲ್ಲಿ ನಡೆದುದು ಇನ್ನೂ ವಿಚಿತ್ರವಾಗಿದೆ. 1898ರ ಆರಂಭದಲ್ಲಿ ನೈಲ್ ನದಿಯ ದಂಡೆಯ ಪಾಳೆಯಕ್ಕೆ ಬಂದ ಜನರಲ್ ಗಾಟೇಕರನ ದಳದ ಬಳಿ ಇದ್ದುದು ಪೂರ್ತಿ ಕವಚದ ಹಳೆಯ ಗುಂಡುಗಳು. ಆತನು ಸೈನಿಕರನ್ನು ಕೂರಿಸಿ, ಅರ ಹಿಡಿಸಿ, ಒಂದೊಂದೇ ಗುಂಡಿನ ಮೊನೆಯನ್ನು ಉಜ್ಜಿಸಿದನು. ಯಂತ್ರಗಳನ್ನೂ ಶಿಲ್ಪಿಗಳನ್ನೂ ದಾಟಿ ಬಂದ ವಸ್ತುವನ್ನು, ಮರಳುಗಾಡಿನ ಬಿಸಿಲಿನಲ್ಲಿ ಕುಳಿತ ಹಳ್ಳಿಯ ಹುಡುಗರು ಕೈಯಿಂದ ಕೆಡಿಸಿದರು. ಅಥವಾ ಅವರ ದೃಷ್ಟಿಯಿಂದ ತಿದ್ದಿದರು. ಟೊಳ್ಳುಮೊನೆಯ ಗುಂಡಿಗೂ ಆಯುಷ್ಯ ದೀರ್ಘವಾಗಿರಲಿಲ್ಲ. 1899ರ ಬೇಸಗೆಯಲ್ಲಿ ಇಂಗ್ಲೆಂಡಿನ ಬಿಸ್ಲಿ ಎಂಬಲ್ಲಿ ಗುರಿಪಂದ್ಯ ನಡೆಯುವಾಗ, ಸೀಸದ ತಿರುಳು ಮಾತ್ರ ಹೊರಗೆ ಹಾರಿ ಕವಚವು ನಳಿಗೆಯಲ್ಲಿಯೇ ಸಿಕ್ಕಿಕೊಳ್ಳುವುದು ಕಂಡುಬಂದಿತು. ಹಾಗೆ ಕಟ್ಟಿದ ನಳಿಗೆಯಿಂದ ಮುಂದಿನ ಈಡು ಹಾರಿಸಿದವನ ಗತಿಯೇನು? ಶತ್ರುವಿಗೆಂದು ಮಾಡಿದ ಕುಳಿ ಹೊಡೆಯುವವನಿಗೇ ಕುಳಿಯಾಗುವಂತಿದ್ದಿತು.

ಅದೇ ಬೇಸಗೆಯಲ್ಲಿ ಹಾಲೆಂಡಿನ ಹೇಗ್ ನಗರದಲ್ಲಿ ಇಪ್ಪತ್ತಾರು ರಾಜ್ಯಗಳ ಶಾಂತಿಸಭೆಯು ನೆರೆದಿದ್ದಿತು. ರಷ್ಯದ ಚಕ್ರವರ್ತಿ ಎರಡನೆಯ ನಿಕೊಲಸನು ಕರೆದ ಸಭೆ ಅದು. ಅವನ ಅಜ್ಜನಾದ ಎರಡನೆಯ ಅಲೆಕ್ಸಾಂಡರನ ಕಾಲದಲ್ಲಿಯೂ, 1868ರಲ್ಲಿ, ನಾಲ್ಕುನೂರು ಗ್ರಾಮಿಗಿಂತ ಹಗುರವಾದ ಸಿಡಿಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದೆಂದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಒಪ್ಪಂದವಾಗಿದ್ದಿತು. ಶತ್ರುವಿನ ಬಲವನ್ನು ಕುಂದಿಸುವುದೇ ಯುದ್ಧದ ನ್ಯಾಯವಾದ ಉದ್ದೇಶ, ಬಿದ್ದವನ ನೋವನ್ನು ವ್ಯರ್ಥವಾಗಿ ಹೆಚ್ಚಿಸುವುದಲ್ಲ ಎಂಬುದು ಅದರ ತಿರುಳು. ಹೇಗಿನಲ್ಲಿ ಅರಳುವ ಗುಂಡಿನ ಪ್ರಸ್ತಾಪವನ್ನು ಎತ್ತಿದವರು ಸ್ವಿಟ್ಜರ್ಲಂಡಿನ, ಹಾಲೆಂಡಿನ ಪ್ರತಿನಿಧಿಗಳು. ಇಂಗ್ಲೆಂಡಿನ ಪರವಾಗಿ ಮೇಜರ್ ಜನರಲ್ ಸರ್ ಜಾನ್ ಅರ್ಡಾ ಎದ್ದುನಿಂತನು. ಜರ್ಮನಿಯಲ್ಲಿ ಟ್ಯೂಬಿಂಗನ್ನಿನ ಶಸ್ತ್ರವೈದ್ಯ ಬ್ರುನ್ಸ್ ನಡಸಿದ ಪರೀಕ್ಷೆಗಳಲ್ಲಿ ಬಳಸಿದುದು ಬೇಟೆಯ ಗುಂಡೇ ಹೊರತು ದಮ್‌ದಮ್ಮಿನ ಗುಂಡಲ್ಲ. ಅದರ ಮೊನೆಯಲ್ಲಿ ಸೀಸ ಬಹಳ ಹೆಚ್ಚಾಗಿ ಬಯಲಾಗಿದ್ದಿತು. ಆ ಪರೀಕ್ಷೆಯಿಂದ ಇಂಗ್ಲೆಂಡಿಗೆ ಅಪವಾದ ತರುವುದು ಸಲ್ಲದೆಂದು ಆತನು ವಾದಿಸಿದನು. ಈ ಮಾತು ನಿಜವೇ. ಆದರೆ ಆತನು ಅಲ್ಲಿಗೇ ನಿಲ್ಲಲಿಲ್ಲ. ನಾಗರಿಕ ದೇಶದ ಸೈನಿಕನು ಗಾಯಗೊಂಡರೆ ಹಿಂದಕ್ಕೆ ಸರಿದು ವೈದ್ಯನ ಬಳಿ ಹೋಗುವನೆಂದೂ, ಕಾಡುಜನನು ಎರಡು ಮೂರು ಕಡೆ ಗುಂಡು ತೂರಿದರೂ ನುಗ್ಗಿ ಬಂದು ತಲೆ ಕಡಿಯುವನೆಂದೂ, ಆದ್ದರಿಂದ ಅವನಿಗೆ ಬೇರೆ ಗುಂಡು ಬೇಕೆಂದೂ ಹೇಳಿದನು.

ಅಂದಿನ ಸಭೆಯಲ್ಲಿ ಜಪಾನ್, ಚೀನ, ಸಯಾಮ್, ಪಾರಸಿಕ ದೇಶಗಳ ಪ್ರತಿನಿಧಿಗಳೂ ಇದ್ದರು. ಯಾರ ಮೈಯ ಮೇಲೆ ಈ ವಾದ ನಡೆಯುತ್ತಿದ್ದಿತೋ ಆ ಅಫ್ರೀದಿಗಳಾಗಲಿ, ಸುಡಾನಿನವರಾಗಲಿ, ಯಾರ ಊರಿನ ಹೆಸರು ಬಾರಿಬಾರಿಗೂ ಕೇಳಿಬರುತ್ತಿದ್ದಿತೋ ಆ ಭಾರತೀಯರಾಗಲಿ ಅಲ್ಲಿರಲಿಲ್ಲ. 1899ರ ಜುಲೈ 29ರಂದು ಘೋಷಣೆ ಅಂಗೀಕೃತವಾಯಿತು. ದೇಹದಲ್ಲಿ ಸುಲಭವಾಗಿ ಹಿಗ್ಗುವ ಅಥವಾ ಚಪ್ಪಟೆಯಾಗುವ ಗುಂಡುಗಳನ್ನು, ಎಂದರೆ ತಿರುಳನ್ನು ಪೂರ್ತಿಯಾಗಿ ಮುಚ್ಚದ ಅಥವಾ ಸೀಳು ಮಾಡಿದ ಕವಚದ ಗುಂಡುಗಳನ್ನು, ಬಿಟ್ಟುಬಿಡತಕ್ಕದ್ದೆಂದು ಅದರ ಅಭಿಪ್ರಾಯ. ಇಂಗ್ಲೆಂಡೂ ಅಮೆರಿಕವೂ ವಿರೋಧವಾಗಿ ಮತ ಕೊಟ್ಟುವು.

ನನಗೆ ಈ ಪ್ರಸಂಗದಲ್ಲಿ ಆಶ್ಚರ್ಯವೆನಿಸುವುದು ಅರ್ಡಾನ ಕಠೋರತೆಯಲ್ಲ, ಅದರ ಅನಾವಶ್ಯಕತೆ. ಆ ಘೋಷಣೆಯು ಸಹಿ ಹಾಕಿದ ರಾಜ್ಯಗಳು ತಮ್ಮತಮ್ಮೊಳಗೆ ಮಾಡುವ ಯುದ್ಧಗಳಿಗೆ ಮಾತ್ರ ಅನ್ವಯಿಸತಕ್ಕದ್ದು. ಇಂಗ್ಲೆಂಡು ಅಂದೇ ಸಹಿ ಹಾಕಿದ್ದರೂ ತೀರಾ ಕಣಿವೆಯಲ್ಲಿ ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಅರ್ಡಾನು ಬಾಯಿಬಿಟ್ಟು ಹೇಳಿದ ಭೇದವನ್ನು ಉಳಿದವರು ಬಾಯಿಮುಚ್ಚಿಕೊಂಡು ಕಾಗದದಲ್ಲಿ ಬರೆದಿದ್ದರು. ಆತನನ್ನು ದೂರುವವರು ಅವರನ್ನೂ ಬಿಡಬಾರದು.

ಅದೇ ಅಕ್ಟೋಬರಿನಲ್ಲಿ ದಕ್ಷಿಣ ಆಫ್ರಿಕದಲ್ಲಿ ಬೋಯರರೊಡನೆ ಯುದ್ಧ ಆರಂಭವಾಯಿತು. ಅಲ್ಲಿಗೆ ಕಳುಹಿಸಿದ್ದ ಟೊಳ್ಳುಮೊನೆಯ ಗುಂಡುಗಳನ್ನು ಇಂಗ್ಲೆಂಡಿನವರು ಹಿಂದಕ್ಕೆ ತೆಗೆದುಕೊಂಡು, ಪೂರ್ತಿ ಕವಚದ ಎರಡನೆಯ ಮಾದರಿಯನ್ನೇ ಕೊಟ್ಟರು. ಎದುರಾಳಿಯು ಬಿಳಿಯ ಬಣ್ಣದವನು. ಯುರೋಪಿನ ಕಣ್ಣು ಅಲ್ಲಿ ನೆಟ್ಟಿದ್ದಿತು. ಗುಂಡಿನ ದೋಷವೂ ಒಂದು ಕಾರಣವೆನ್ನುವವರುಂಟು, ಅದು ಸುಳ್ಳಲ್ಲ. ಆದರೂ ಎರಡು ಪಕ್ಷದವರೂ ಒಬ್ಬರಮೇಲೊಬ್ಬರು ದಮ್‌ದಮ್ಮಿನ ಆರೋಪವನ್ನು ಹೊರಿಸುವುದು ನಿಲ್ಲಲಿಲ್ಲ. 1907ರಲ್ಲಿ ಇಂಗ್ಲೆಂಡು ಘೋಷಣೆಗೆ ಒಪ್ಪಿತು. ಅಮೆರಿಕವು ಒಪ್ಪಲೇ ಇಲ್ಲ. 1914ರ ಸೆಪ್ಟೆಂಬರಿನಲ್ಲಿ ಜರ್ಮನ್ ಕೈಸರನು, ಶತ್ರುಗಳು ದಮ್‌ದಮ್ ಬಳಸುತ್ತಿದ್ದಾರೆಂದು ಅಮೆರಿಕದ ಅಧ್ಯಕ್ಷ ವಿಲ್ಸನ್ನನಿಗೇ ತಂತಿ ಕಳುಹಿದನು.

ಆ ಯುದ್ಧದ ಹೊತ್ತಿಗೆ ಇಂಗ್ಲೆಂಡಿನ ಗುಂಡು ಏಳನೆಯ ಮಾದರಿಗೆ ಬಂದಿದ್ದಿತು. 1910ರಲ್ಲಿ ಬಂದ ಇದರ ಮೊನೆ ಚೂಪು, ಕವಚ ಪೂರ್ಣ. ಕಾನೂನಿನ ಅಕ್ಷರಕ್ಕೆ ಎಲ್ಲಿಯೂ ಭಂಗವಿಲ್ಲ. ಆದರೆ ಕವಚದೊಳಗೆ ಮೊನೆಯ ಭಾಗದಲ್ಲಿ ಸೀಸದ ಬದಲು ಹಗುರವಾದ ಅಲ್ಯುಮಿನಿಯಂ ತುಂಡನ್ನು ಇಟ್ಟಿದ್ದರು. ಹಿಂಭಾಗ ಭಾರವಾದುದರಿಂದ ಗುಂಡು ದೇಹವನ್ನು ಹೊಕ್ಕೊಡನೆ ಮಗುಚಿ ಅಡ್ಡಲಾಗಿ ಹೋಗುವುದು. ಗಾಯವೇನೂ ಸಣ್ಣದಾಗುತ್ತಿರಲಿಲ್ಲ. ಎರಡು ಮಹಾಯುದ್ಧಗಳಲ್ಲಿ ಆಂಗ್ಲ ಸೈನ್ಯದೊಡನೆ ನಮ್ಮ ಸಿಪಾಯಿಗಳೂ ಇದನ್ನೇ ಹಾರಿಸಿದರು. ಈ ಸಲ ಕೋವಿಯಲ್ಲಿ ಭೇದವಿರಲಿಲ್ಲ.

ಹೇಗಿನ ನಿಷೇಧವು 1998ರಲ್ಲಿ ರೋಮ್ ನಗರದಲ್ಲಿ ಆದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ನಿಬಂಧನೆಯನ್ನೂ ಸೇರಿತು. 2010ರಲ್ಲಿ ಕಂಪಾಲದ ಸಭೆಯವರು, ದೇಶದೊಳಗಿನ ಯುದ್ಧಗಳಿಗೂ ಅದನ್ನು ವಿಸ್ತರಿಸುವ ತಿದ್ದುಪಡಿಗೆ ಒಪ್ಪಿದರು. ಅದೇ 1998ರಲ್ಲಿ ನ್ಯೂಯಾರ್ಕ್ ನಗರದ ಪೋಲೀಸರು ಟೊಳ್ಳುಮೊನೆಯ ಗುಂಡುಗಳನ್ನು ಬಳಸುವುದಾಗಿ ತೀರ್ಮಾನಿಸಿದರು. ಪೂರ್ತಿ ಕವಚದ ಗುಂಡು ಅಪರಾಧಿಯ ಮೈಯನ್ನು ತೂರಿ ಹಿಂದಿರುವ ದಾರಿಹೋಕನಿಗೆ ತಗುಲುತ್ತದೆ, ಅರಳುವ ಗುಂಡು ಒಳಗೇ ನಿಲ್ಲುತ್ತದೆ ಎಂಬುದು ಅವರ ಸಮಾಧಾನ. ಜನನಿಬಿಡವಾದ ಬೀದಿಯಲ್ಲಿ ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಪರರಾಜ್ಯದ ಸೈನಿಕನ ಮೇಲೆ ಹೊಡೆಯಬಾರದ ಗುಂಡನ್ನು ತನ್ನ ಊರಿನವನ ಮೇಲೆ ಹೊಡೆಯಬಹುದೆಂಬ ಸ್ಥಿತಿಯು ಹೀಗೆ ಉಳಿದುಕೊಂಡಿದೆ.

ದಮ್‌ದಮ್ಮಿನಲ್ಲಿ ಆಯುಧಗಳ ಕಾರ್ಖಾನೆ ಈಗಲೂ ಇದೆ. ಆ ಊರಿಗೆ ಹೋಗುವವರಲ್ಲಿ ಹೆಚ್ಚಿನವರು ಅದನ್ನು ನೋಡುವುದಿಲ್ಲ. ನೇತಾಜಿಯವರ ಹೆಸರಿನ ವಿಮಾನನಿಲ್ದಾಣದಲ್ಲಿ ಇಳಿದು ನೇರವಾಗಿ ಕಲ್ಕತ್ತೆಗೆ ಹೊರಟುಬಿಡುತ್ತಾರೆ.