ಜಠರದೊಳಗಿನ ಅಪಾಯದ ಗಂಟೆ

ಹೊಟ್ಟೆಯಲ್ಲಿ ಹುಣ್ಣಾದರೆ ಅದಕ್ಕೆ ಚಿಂತೆ ಕಾರಣ, ಖಾರ ಕಾರಣ ಎಂಬ ಮಾತನ್ನು ನೀವೂ ಕೇಳಿರಬೇಕು. ವೈದ್ಯರೂ ಬಹುಕಾಲ ಹೀಗೆಯೇ ನಂಬಿದ್ದರು. ಜಠರದ ಆಮ್ಲದಲ್ಲಿ ಯಾವ ರೋಗಾಣುವೂ ನೆಲೆಸಲಾರದು ಎಂಬುದು ಅಂದಿನ ಪಾಠ.

ಆ ಪಾಠವನ್ನು ತಿದ್ದಿದ್ದು ಆಸ್ಟ್ರೇಲಿಯಾದ ಪರ್ತ್ ನಗರ. ಅಲ್ಲಿನ ರೋಗಶಾಸ್ತ್ರಜ್ಞ ರಾಬಿನ್ ವಾರೆನ್ ಅವರಿಗೆ 1979ರಲ್ಲಿ ಜಠರದ ಒಳಪೊರೆಯ ತುಣುಕೊಂದರಲ್ಲಿ ಬಾಗಿದ ಬ್ಯಾಕ್ಟೀರಿಯಾಗಳು ಕಂಡವು. ಅವುಗಳ ಸುತ್ತ ಉರಿಯೂತವೂ ಇತ್ತು. 1981ರಲ್ಲಿ ತರುಣ ವೈದ್ಯ ಬ್ಯಾರಿ ಮಾರ್ಷಲ್ ಜೊತೆಗೂಡಿದರು. ಪ್ರಯೋಗಾಲಯದಲ್ಲಿ ಈ ಜೀವಿಯನ್ನು ಬೆಳೆಸುವ ಯತ್ನ ಮತ್ತೆ ಮತ್ತೆ ಸೋತಿತು. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಎಂದಿಗಿಂತ ಹೆಚ್ಚು ದಿನ ಉಳಿದಾಗ, ನಿಧಾನವಾಗಿ ಬೆಳೆಯುವ ಆ ಜೀವಿ ಕಾಣಿಸಿಕೊಂಡಿತು. ಆದರೂ ಹಲವರು ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ತುಂಬಿದ ದ್ರವವನ್ನು ತಾವೇ ಕುಡಿದರು. ಹತ್ತನೆಯ ದಿನದ ಪರೀಕ್ಷೆಯಲ್ಲಿ ಅವರ ಜಠರದಲ್ಲೂ ಉರಿಯೂತ ಕಂಡಿತು. 1989ರಲ್ಲಿ ಈ ಜೀವಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಹೆಸರು ಬಂತು.

ಇಷ್ಟು ಚಿಕ್ಕ ಜೀವಿ ಅಷ್ಟು ಹಾನಿ ಮಾಡುವುದು ಹೇಗೆ? ಮುಂದಿನ ಸಂಶೋಧನೆ ಹುಡುಕಿದ್ದು ಇದನ್ನೇ. ಇದರ ಉಗ್ರ ತಳಿಗಳಲ್ಲಿ ಸೂಜಿಯಂತಹ ಒಂದು ರಚನೆ ಇದೆ. ಅದರ ಮೂಲಕ ಬ್ಯಾಕ್ಟೀರಿಯಾದ ಅಂಶಗಳು ಜಠರದ ಜೀವಕೋಶದೊಳಕ್ಕೆ ಸೇರುತ್ತವೆ. ಇವನ್ನು ನಾಡ್-1 ಎಂಬ ಕಾವಲು ಪ್ರೋಟೀನ್ ಗುರುತಿಸುತ್ತದೆಂದು 2004ರಲ್ಲಿ ತಿಳಿಯಿತು. ಬೇರೆ ಕಾವಲುಗಾರರೂ ಉಂಟೆಂದು ಆಮೇಲೆ ಗೊತ್ತಾಯಿತು. ಸುಳಿವು ಸಿಕ್ಕೊಡನೆ ಎನ್‌ಎಫ್ ಕಪ್ಪಾ-ಬಿ ಎಂಬ ಪ್ರೋಟೀನ್ ಕೋಶಕೇಂದ್ರಕ್ಕೆ ಹೋಗಿ, ಇಂಟರ್‌ಲ್ಯೂಕಿನ್-8ರಂತಹ ವಂಶವಾಹಿಗಳನ್ನು ಚಾಲೂ ಮಾಡುತ್ತದೆ. ಇದು ಅಪಾಯದ ಗಂಟೆ ಬಾರಿಸಿದಂತೆ. ಗಂಟೆ ಕೇಳಿ ಬಿಳಿ ರಕ್ತಕಣಗಳು ಧಾವಿಸಿ ಬರುತ್ತವೆ.

ಆದರೆ ಲೋಳೆಯ ಪದರದಲ್ಲಿ ಅಡಗಿ, ಅಮೋನಿಯಾ ತಯಾರಿಸಿ ಆಮ್ಲವನ್ನು ತಗ್ಗಿಸಿಕೊಂಡು ಬದುಕುವ ಈ ಜೀವಿ ಸುಲಭವಾಗಿ ಸಾಯುವುದಿಲ್ಲ. ಗಂಟೆ ವರ್ಷಗಟ್ಟಲೆ ಬಾರಿಸುತ್ತಲೇ ಇರುತ್ತದೆ. ಕಳ್ಳನನ್ನು ಹಿಡಿಯಲು ಬಂದವರೇ ಮನೆಯ ಗೋಡೆ ಕೆಡವಿದ ಹಾಗೆ, ರಕ್ಷಣೆಗೆ ಬಂದ ಕಣಗಳಿಂದಲೂ ಒಳಪೊರೆ ನಶಿಸುತ್ತದೆ. ಸೋಂಕು ತಗುಲಿದ ಹೆಚ್ಚಿನವರಿಗೆ ಯಾವ ತೊಂದರೆಯೂ ಕಾಣದು. ಕೆಲವರಿಗೆ ಹುಣ್ಣು, ಇನ್ನೂ ಕೆಲವರಿಗೆ ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಈ ಸೋಂಕನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು.

ವಾರೆನ್ ಮತ್ತು ಮಾರ್ಷಲ್ ಅವರಿಗೆ 2005ರಲ್ಲಿ ನೊಬೆಲ್ ಬಹುಮಾನ ಬಂತು. ನಮಗೆ ಬಂದ ಲಾಭ ಬೇರೆ. ಹೊಟ್ಟೆಯುರಿ ಬಿಡದೆ ಕಾಡುತ್ತಿದ್ದರೆ ಬರಿಯ ಆಮ್ಲಶಾಮಕ ನುಂಗುತ್ತ ಕೂರಬೇಡಿ. ವೈದ್ಯರಲ್ಲಿ ಈ ಸೋಂಕಿನ ಪರೀಕ್ಷೆಯ ಬಗ್ಗೆ ಕೇಳಿ. ಅವರು ಕೊಟ್ಟ ಆಂಟಿಬಯೋಟಿಕ್‌ಗಳನ್ನು ನಡುವೆ ಬಿಡದೆ, ಹೇಳಿದಷ್ಟು ದಿನವೂ ತೆಗೆದುಕೊಳ್ಳಿ.