ರಾಷ್ಟ್ರಪತಿ ಹುದ್ದೆ: ಪೌರತ್ವದ ಅರ್ಹತೆ (ಭಾರತ)

ಭಾರತದ ರಾಷ್ಟ್ರಪತಿಯಾಗಲು ಬೇಕಾದ ಅರ್ಹತೆಗಳನ್ನು ಸಂವಿಧಾನದ 58ನೇ ವಿಧಿ ಹೇಳುತ್ತದೆ. ಅಭ್ಯರ್ಥಿ ಭಾರತದ ಪೌರನಾಗಿರಬೇಕು, 35 ವರ್ಷ ತುಂಬಿರಬೇಕು, ಲೋಕಸಭೆಗೆ ಆಯ್ಕೆಯಾಗುವ ಅರ್ಹತೆ ಇರಬೇಕು. ಸರ್ಕಾರದ ಲಾಭದಾಯಕ ಹುದ್ದೆಯಲ್ಲಿ ಇರಕೂಡದು. ಹುಟ್ಟಿನಿಂದಲೇ ಪೌರನಾಗಿರಬೇಕೆಂಬ ಮಾತು ಇಲ್ಲಿಲ್ಲ. ಅಮೆರಿಕದ ಸಂವಿಧಾನವಾದರೋ ಅಧ್ಯಕ್ಷನಿಗೆ ಜನ್ಮಸಿದ್ಧ ಪೌರತ್ವವನ್ನೂ ದೇಶದೊಳಗೆ 14 ವರ್ಷಗಳ ವಾಸವನ್ನೂ ಕಡ್ಡಾಯ ಮಾಡಿದೆ.

ನಿಜವಾದ ಅಧಿಕಾರವಿರುವ ಪ್ರಧಾನಿ ಹುದ್ದೆಗೆ ಪೌರತ್ವದ ಪ್ರತ್ಯೇಕ ನಿಯಮವೇ ಇಲ್ಲ. ಸಂಸತ್ ಸದಸ್ಯರು ಪೌರರಾಗಿರಬೇಕೆಂದು 84ನೇ ವಿಧಿ ಹೇಳುತ್ತದೆ. ಸಚಿವರಾದವರು ಆರು ತಿಂಗಳೊಳಗೆ ಸದಸ್ಯರಾಗಬೇಕೆಂದು 75ನೇ ವಿಧಿ. ಅಲ್ಲಿಗೆ ಮುಗಿಯಿತು.

ಈ ಮೌನ ರಾಜಕೀಯ ವಿವಾದವಾದದ್ದು ಸೋನಿಯಾ ಗಾಂಧಿಯವರ ವಿಷಯದಲ್ಲಿ. ಇಟಲಿಯಲ್ಲಿ ಹುಟ್ಟಿದ ಅವರು 1983ರಲ್ಲಿ ನೋಂದಣಿಯ ಮೂಲಕ ಭಾರತದ ಪೌರರಾದರು. 1999ರ ಬಳ್ಳಾರಿ ಚುನಾವಣೆಯಲ್ಲಿ ಸುಷ್ಮಾ ಸ್ವರಾಜ್ ಅವರ ಪ್ರಚಾರದ ಮುಖ್ಯ ಅಸ್ತ್ರ ಈ ವಿದೇಶಿ ಮೂಲವೇ, ಗೆದ್ದದ್ದು ಸೋನಿಯಾ. 2004ರಲ್ಲಿ ಅವರು ಪ್ರಧಾನಿ ಹುದ್ದೆ ಒಲ್ಲೆನೆಂದರು. ಅದು ರಾಜಕೀಯ ನಿರ್ಧಾರ, ಸಂವಿಧಾನದ ಅಡ್ಡಿಯಲ್ಲ. ಅವರ ಬದಲು ಪ್ರಧಾನಿಯಾದ ಮನಮೋಹನ್ ಸಿಂಗ್ ಹುಟ್ಟಿದ ಗಾಹ್ ಗ್ರಾಮ ಇಂದು ಪಾಕಿಸ್ತಾನದಲ್ಲಿದೆ ಎಂಬುದನ್ನು ಜನ್ಮಸ್ಥಳದ ವಾದ ಹೂಡುವವರು ಗಮನಿಸಬೇಕು.

ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರು ಭಾರತದ ಪೌರತ್ವ ಕಳೆದುಕೊಳ್ಳುತ್ತಾರೆ. ಹೀಗೆ ಅಮೆರಿಕದ ಪೌರರಾದ ಕನ್ನಡಿಗರ ಬಳಿ ಸಾಗರೋತ್ತರ ಭಾರತೀಯ ಪೌರರ ಕಾರ್ಡ್ (ಒಸಿಐ) ಇದ್ದರೂ ಅವರು ರಾಷ್ಟ್ರಪತಿ ಚುನಾವಣೆಗೆ ನಿಲ್ಲುವಂತಿಲ್ಲ; 1955ರ ಪೌರತ್ವ ಕಾಯ್ದೆ ಅದನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ.