ಹೊಸ ಮಿಂಚುಹುಳುವನ್ನು ಗುರುತಿಸುವ ಬಗೆ

ಮೇ ತಿಂಗಳ ಕೊನೆಯಿಂದ ಜೂನ್ ಮಧ್ಯದವರೆಗೆ, ಮುಂಗಾರಿನ ಮೊದಲ ಹನಿಗಳು ಬೀಳುವ ಹೊತ್ತಿಗೆ, ಪುಣೆಯಿಂದ ಭಂಡಾರದರಾ, ಪುರುಷವಾಡಿ, ರಾಜಮಾಚಿಗಳ ಕಡೆಗೆ ವಾಹನಗಳ ಸಾಲು ಹೊರಡುತ್ತದೆ. ಅಳಲೆ, ತಾರೆ, ನೇರಳೆ ಮರಗಳ ಮೇಲೆ ಸಾವಿರಾರು ದೀಪಗಳು ಹೊತ್ತಿ ಆರುವುದನ್ನು ನಮ್ಮ ಸಮಾಜದ ಅನೇಕ ಕುಟುಂಬಗಳೂ ಕಂಡಿರಬಹುದು. ಮರಾಠಿಯಲ್ಲಿ ಇದು ಕಾಜವಾ. ನಮ್ಮಲ್ಲಿ ಮಿಂಚುಹುಳು, ಮಿಣುಕುಹುಳು. ಆದರೆ ಆ ಮರದ ಮೇಲೆ ಮಿನುಗುತ್ತಿರುವುದು ಯಾವ ಪ್ರಭೇದ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ಅದೇಕೆ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಮಿಂಚುಹುಳು ನೊಣವಲ್ಲ, ದುಂಬಿಗಳ ಬಳಗಕ್ಕೆ ಸೇರಿದ ಕೀಟ. ಲ್ಯಾಂಪಿರಿಡೇ ಎಂಬ ಈ ಕುಟುಂಬದಲ್ಲಿ ಜಗತ್ತಿನಾದ್ಯಂತ ಎರಡು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಹೊಟ್ಟೆಯ ತುದಿಯ ಖಂಡಗಳಲ್ಲಿ ಲೂಸಿಫೆರಿನ್ ಎಂಬ ವಸ್ತು, ಲೂಸಿಫೆರೇಸ್ ಎಂಬ ಕಿಣ್ವದ ನೆರವಿನಿಂದ ಆಮ್ಲಜನಕದೊಡನೆ ಕೂಡಿದಾಗ ಬೆಳಕು ಹೊಮ್ಮುತ್ತದೆ. ಹಾರುತ್ತ ಮಿನುಗುವುದು ಸಾಮಾನ್ಯವಾಗಿ ಗಂಡು. ಎಲೆಯ ಮೇಲೆ ಕುಳಿತು ಮರುಮಿಂಚು ಕೊಡುವುದು ಹೆಣ್ಣು. ಒಂದೊಂದು ಪ್ರಭೇದದ ಮಿನುಗಿಗೂ ಅದರದೇ ಲಯವುಂಟು. ತನ್ನ ಜೊತೆಗಾರನನ್ನು ಹುಳು ಆ ಲಯದಿಂದಲೇ ಗುರುತಿಸುತ್ತದೆ. ಮನುಷ್ಯನಿಗೆ ಮಾತ್ರ ಅಷ್ಟೇ ಸಾಲದು.

ಹಿಂದಿನವರು ಬಹುಮಟ್ಟಿಗೆ ಬಣ್ಣವನ್ನು ನಂಬಿದರು. ತಲೆಯನ್ನು ಮುಚ್ಚುವ ಗುರಾಣಿಯಂತಹ ಫಲಕ ಯಾವ ಬಣ್ಣದ್ದು, ಮೇಲ್ರೆಕ್ಕೆಯ ತುದಿ ಕಪ್ಪೋ ಅಲ್ಲವೋ ಎಂದು ನೋಡಿ ಹೆಸರಿಟ್ಟರು. ಕಿತ್ತಳೆ ಮೈ, ಕಪ್ಪು ತುದಿಯ ಮಿಂಚುಹುಳುಗಳು ಏಷ್ಯಾದಲ್ಲಿ ಹಲವಾರಿವೆ. ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟರೆ ಅವಳಿಗಳಂತೆ ಕಾಣುತ್ತವೆ. ಆದ್ದರಿಂದ ಇಂದಿನ ತಜ್ಞರು ಬೆಳಕಿನ ಖಂಡಗಳ ಆಕಾರವನ್ನು ನೋಡುತ್ತಾರೆ, ಅದಕ್ಕಿಂತ ಮುಖ್ಯವಾಗಿ ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಡಿ ಬಿಡಿಸಿ ಪರೀಕ್ಷಿಸುತ್ತಾರೆ. ಆಸ್ಟ್ರೇಲಿಯಾದ ಲೆಸ್ಲಿ ಬ್ಯಾಲಂಟೈನ್ ದಶಕಗಳ ಕಾಲ ಈ ಕೆಲಸ ಮಾಡಿದವರು. 2013ರಲ್ಲಿ ಅವರೂ ಸಂಗಡಿಗರೂ ಹಳೆಯ ಲೂಸಿಯೋಲಾ ಕುಲದಿಂದ ಕೆಲವನ್ನು ಬೇರ್ಪಡಿಸಿ ಅಬ್‌ಸ್ಕಾಂಡಿಟಾ ಎಂಬ ಹೊಸ ಕುಲವನ್ನು ರಚಿಸಿದರು. ಲ್ಯಾಟಿನ್ನಿನಲ್ಲಿ ಅಡಗಿರುವುದು ಎಂದು ಆ ಪದದ ಅರ್ಥ. ಈ ಕುಲದ ಒಂದು ಪ್ರಭೇದವನ್ನು ಸಿಂಹಳದ್ದೆಂದು 1858ರಲ್ಲಿ ವರ್ಣಿಸಿದ ವಾಕರ್ ಅದಕ್ಕೆ ಪರ್ಪ್ಲೆಕ್ಸಾ, ಅಂದರೆ ಗೊಂದಲದ್ದು, ಎಂದೇ ಹೆಸರಿಟ್ಟಿದ್ದ!

ಹೊಸ ಪ್ರಭೇದವೆಂದು ಸಾರುವುದಕ್ಕೆ ಅಂತರರಾಷ್ಟ್ರೀಯ ನಿಯಮಾವಳಿಯುಂಟು. ಪ್ರಾಣಿಗಳ ಹೆಸರಿನ ಲೆಕ್ಕ ಲಿನೇಯಸನ 1758ರ ಗ್ರಂಥದಿಂದ ಆರಂಭವಾಗುತ್ತದೆ. ಒಂದೇ ಹುಳುವಿಗೆ ಎರಡು ಹೆಸರುಗಳಿದ್ದರೆ ಮೊದಲಿನದೇ ಊರ್ಜಿತ. ಹೊಸ ಹೆಸರಿಗೆ ಆಧಾರವಾಗಿ ಮಾದರಿ ಪ್ರತಿಯನ್ನು ಗೊತ್ತುಪಡಿಸಬೇಕೆಂಬುದು 2000ದಿಂದ ಕಡ್ಡಾಯ; ಸಾಮಾನ್ಯವಾಗಿ ಅದು ಒಂದೇ ಒಂದು ಹುಳು, ಅದರ ಹೆಸರು ಹೋಲೋಟೈಪ್. ಬ್ಯಾಂಕಿನಲ್ಲಿ ಕೆಲಸ ಮಾಡುವ ನನಗೆ ಇದನ್ನು ಓದಿದಾಗ ಮಾದರಿ ಸಹಿಯ ಕಾರ್ಡು ನೆನಪಾಯಿತು. ಚೆಕ್ಕಿನ ಸಹಿಯ ಬಗ್ಗೆ ಸಂಶಯ ಬಂದರೆ ಎಲ್ಲರೂ ಆ ಕಾರ್ಡಿನ ಕಡೆಗೇ ತಿರುಗಬೇಕು. ಕಾರ್ಡು ಬೇರೆ ಊರಿನ ಶಾಖೆಯಲ್ಲಿದ್ದರೆ ಏನಾಗುತ್ತದೆಂಬುದನ್ನು ಓದುಗರು ಊಹಿಸಬಲ್ಲರು.

ನಮ್ಮ ಮಿಂಚುಹುಳುಗಳ ಸ್ಥಿತಿ ಹೆಚ್ಚುಕಡಿಮೆ ಅದೇ. ಹತ್ತೊಂಬತ್ತನೆಯ ಶತಮಾನದಲ್ಲಿ ವರ್ಣಿತವಾದವುಗಳ ಮಾದರಿಗಳು ಲಂಡನ್, ಪ್ಯಾರಿಸ್, ಮಾಸ್ಕೋ ಸಂಗ್ರಹಾಲಯಗಳಲ್ಲಿ ಹಂಚಿಹೋಗಿವೆ. ಅರಣ್ಯಾಧಿಕಾರಿ ಎಚ್. ಇ. ಆಂಡ್ರೂಸ್ ಬೆಳಗಾವಿಯೂ ಸೇರಿ ಹಲವೆಡೆಯಿಂದ ಕೂಡಿಸಿದ ದುಂಬಿಗಳಲ್ಲಿ ಈ ಬಳಗಕ್ಕೆ ಸೇರಿದವುಗಳ ಪಟ್ಟಿಯನ್ನು ಗೋರ್ಹಮ್ ಎಂಬ ವಿದ್ವಾಂಸ 1895ರಲ್ಲಿ ಪ್ರಕಟಿಸಿದ್ದು ಬೆಲ್ಜಿಯಂ ದೇಶದ ಪತ್ರಿಕೆಯಲ್ಲಿ! ಬ್ರಿಟಿಷರ ಕಾಲದ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯಲ್ಲಿ ಹಲವು ದುಂಬಿ ಕುಟುಂಬಗಳಿಗೆ ಸಂಪುಟಗಳು ಬಂದವು, ಮಿಂಚುಹುಳುಗಳಿಗೆ ಬರಲಿಲ್ಲ. ಹೀಗಾಗಿ ಸಹ್ಯಾದ್ರಿಯಲ್ಲಿ ಸಿಕ್ಕ ಹುಳು ಹೊಸದೋ, ನೂರಿಪ್ಪತ್ತು ವರ್ಷಗಳ ಹಿಂದೆಯೇ ನಾಮಕರಣವಾದದ್ದೋ ಎಂದು ತೀರ್ಮಾನಿಸುವುದೇ ಮೊದಲ ದೊಡ್ಡ ಕೆಲಸ. ಹೊಸದನ್ನು ಹಿಡಿಯುವುದು ಅದರ ಮುಂದೆ ಸಣ್ಣದು.

ದಟ್ಟ ನಗರಗಳಲ್ಲಿಯೂ ಇದು ಸಾಧ್ಯವಾಗಿದೆ. ಹಾಂಗ್‌ಕಾಂಗಿನ ಮೈ ಪೋ ಜೌಗುನೆಲದ ಹುಳು 2011ರಲ್ಲಿ ಟೆರೊಪ್ಟಿಕ್ಸ್ ಮೈಪೋ ಎನಿಸಿಕೊಂಡಿತು. ಸಿಂಗಪುರದ ನೀ ಸೂನ್ ಜೌಗುಕಾಡಿನದು 2021ರಲ್ಲಿ ಲೂಸಿಯೋಲಾ ಸಿಂಗಪುರಾ ಆಯಿತು. 1909ರ ನಂತರ ಆ ದ್ವೀಪದಲ್ಲಿ ಸಿಕ್ಕ ಮೊದಲ ಹೊಸ ಮಿಂಚುಹುಳು ಅದು. ಅಲ್ಲಿ ಅಂಗರಚನೆಯೊಡನೆ ಡಿಎನ್‌ಎ ಸಾಕ್ಷ್ಯವನ್ನೂ ಕೂಡಿಸಿದರು. ಇಂತಹ ಹೋಲಿಕೆಗೆ ಸಾಮಾನ್ಯವಾಗಿ ಬಳಸುವ ಜೀನಿನ ತುಣುಕು ಸುಮಾರು 658 ಅಕ್ಷರಗಳಷ್ಟು ಉದ್ದದ್ದು.

ಹೆಸರು ಲ್ಯಾಟಿನ್ನಿನದೇ ಆಗಬೇಕೆಂದಿಲ್ಲ. ಉತ್ತರ ಕನ್ನಡದ ಕತ್ತಲೆಕಾನಿನ ಕಪ್ಪೆಯೊಂದರ ಗಂಡು ತನ್ನ ಮೊಟ್ಟೆಗಳಿಗೆ ಮಣ್ಣು ಮೆತ್ತುವುದನ್ನು ಕಂಡು, ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಅದಕ್ಕೆ ನಿಕ್ಟಿಬ್ಯಾಟ್ರಾಕಸ್ ಕುಂಬಾರ ಎಂದು ಹೆಸರಿಟ್ಟರು. ಅವರ ಸಂಗಡಿಗರಲ್ಲೊಬ್ಬರಾದ ಕೆ. ಪಿ. ದಿನೇಶ್ ಮುಂದೆ ನಮ್ಮ ಆಕುರ್ಡಿಯಲ್ಲಿರುವ ಭಾರತೀಯ ಪ್ರಾಣಿ ಸರ್ವೇಕ್ಷಣೆಯ ಪಶ್ಚಿಮ ಪ್ರಾದೇಶಿಕ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದರೆಂಬುದು ಪುಣೆಯ ಕನ್ನಡಿಗರಿಗೆ ಸಂತೋಷದ ಸಂಗತಿ.

ಹೆಸರಿಲ್ಲದ ಪ್ರಭೇದ ಕಡಿಮೆಯಾದರೂ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಕೆಲವು ಪ್ರಭೇದಗಳಲ್ಲಿ ಹೆಣ್ಣಿಗೆ ರೆಕ್ಕೆಯೇ ಇಲ್ಲ, ಅದು ನೆಲದಲ್ಲಿಯೇ ಇರುತ್ತದೆ; ನೋಡಲು ಬಂದವರ ಕಾಲ್ತುಳಿತಕ್ಕೆ ಮೊದಲು ಸಿಗುವುದು ಅದು. ವಾಹನಗಳ ದೀಪ, ಮೊಬೈಲಿನ ಬೆಳಕು ಬಿದ್ದೆಡೆ ಗಂಡು ಹೆಣ್ಣುಗಳ ಸಂಕೇತ ಪರಸ್ಪರ ಕಾಣದೆ ಹೋಗುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ದೀಪವಾರಿಸಿ ಕುಳಿತವರ ಟಿಪ್ಪಣಿ ತಜ್ಞರಿಗೆ ನಿಜಕ್ಕೂ ಪ್ರಯೋಜನಕಾರಿ: ದಿನಾಂಕ, ಸ್ಥಳ, ಮರದ ಹೆಸರು, ಎರಡು ಮಿನುಗುಗಳ ನಡುವಿನ ಅಂತರ ಎಷ್ಟು ಸೆಕೆಂಡು ಎಂಬುದು. ಜೊತೆಗೆ ಆ ರಾತ್ರಿಯ ಉಷ್ಣಾಂಶವನ್ನೂ ಬರೆದಿಡಬೇಕು, ಏಕೆಂದರೆ ಚಳಿ ಹೆಚ್ಚಿದಂತೆ ಅದೇ ಹುಳುವಿನ ಮಿನುಗು ನಿಧಾನವಾಗುತ್ತದೆ.